‘ಎಕ್ಸ್‌ಟ್ರ್ಯಾಕ್ಟ್’ಗೆ ಕಷಾಯ ಅಂದರೆ ನಡೆಯುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಹೊಟ್ಟೆಹುಣ್ಣಿಗೆ ಗಿಡಮೂಲಿಕೆ ಔಷಧಿಗಳ ಬಗ್ಗೆ ಒಂದು ಬರಹವನ್ನು ಧಾರವಾಡದ ಪತ್ರಿಕೆಯೊಂದಕ್ಕಾಗಿ ಕನ್ನಡಕ್ಕೆ ತರುತ್ತಿದ್ದೇನೆ. ‘ಹರ್ಬಲ್ ಎಕ್ಸ್‌ಟ್ರ್ಯಾಕ್ಟ್’ ಅನ್ನುವಲ್ಲಿ ಕೆಲಸ ನಿಂತಿದೆ.

‘ಸಾರ’ ಅಂತ ಬರೆಯಬಹುದು. ಆದರೆ ನಮ್ಮ ಕಡೆ ಅನ್ನಕ್ಕೆ ಹಾಕಿಕೊಳ್ಳುವ ಸಾರೂ ಮಾತಿನಲ್ಲಿ ‘ಸಾರ’ವೇ. ‘ಬೇವಿನ ತೊಗಟೆಯ ಸಾರ’ ಅಂದರೆ ಹುಬ್ಬಳ್ಳಿಯವರು ನಗುತ್ತಾರೆ ಅಷ್ಟೆ, ತಪ್ಪು ತಿಳಿಯುವುದಿಲ್ಲ. ನನಗೆ ಜಾಸ್ತಿ ಚಿಂತೆ ಇರುವುದು ‘ಕಷಾಯ’ದ ಬಗ್ಗೆ. ಅದು ನೀರಲ್ಲಿ ಕುದಿಸಿ, ಇಂಗಿಸಿ, ಸೋಸಿದ್ದು. ಪ್ರಯೋಗಾಲಯದಲ್ಲಿ ಎಷ್ಟೋ ಸಲ ಬೇರಿನ ಪುಡಿಯನ್ನು ಎಥನಾಲ್ ಅಥವಾ ಮೆಥನಾಲ್‌ನಲ್ಲಿ ನೆನೆಹಾಕಿ, ಸೋಸಿ, ಆ ದ್ರವವನ್ನು ಪೂರ್ತಿ ಆರಿಸಿ, ಉಳಿದದ್ದನ್ನು ತೂಗಿ ಇಲಿಗಳಿಗೆ ಕೊಡುತ್ತಾರೆ. ನೀರಿಗೆ ಬಿಡದ ಅಂಶಗಳು ಈ ಆಲ್ಕೋಹಾಲುಗಳಲ್ಲಿ ಬಿಡುತ್ತವೆ. ಇದನ್ನು ಕಷಾಯ ಅಂದರೆ ಓದಿದವರು ಮನೆಯಲ್ಲಿ ಕುದಿಸಿ ಕುಡಿಯುತ್ತಾರೆ, ಅಲ್ವಾ?

ಆಯುರ್ವೇದದವರು ಈ ವಿಷಯದಲ್ಲಿ ಬಹಳ ಚೊಕ್ಕ. ಹಸಿಯಾಗಿ ಹಿಂಡಿದ್ದು ಸ್ವರಸ, ಅರೆದದ್ದು ಕಲ್ಕ, ಕುದಿಸಿದ್ದು ಕ್ವಾಥ, ರಾತ್ರಿಯೆಲ್ಲ ತಣ್ಣೀರಲ್ಲಿ ನೆನೆಸಿದ್ದು ಹಿಮ, ಬಿಸಿನೀರು ಹೊಯ್ದು ಸೋಸಿದ್ದು ಫಾಂಟ. ಕ್ವಾಥವನ್ನೇ ಗಟ್ಟಿಯಾಗುವ ತನಕ ಕಾಸಿದರೆ ಘನ. ಭಟ್ಟಿ ಇಳಿಸಿದರೆ ಅರ್ಕ. ‘ಸತ್ವ’ ಚೆನ್ನಾಗಿ ಕೇಳಿಸುತ್ತದೆ, ಆದರೆ ಅಮೃತಬಳ್ಳಿ ಸತ್ವ ಅಂದರೆ ಕಾಂಡ ಜಜ್ಜಿ ನೀರಲ್ಲಿ ಕಿವುಚಿದಾಗ ತಳಕ್ಕೆ ಕೂರುವ ಬಿಳಿ ಹಿಟ್ಟು, ಬಹುಪಾಲು ಪಿಷ್ಟ. ಆಲ್ಕೋಹಾಲಿನಲ್ಲಿ ತೆಗೆದದ್ದಕ್ಕೆ ಮಾತ್ರ ಇಲ್ಲಿ ಹೆಸರು ಸಿಗಲಿಲ್ಲ.

ಇದು ಸುಮ್ನೆ ಪದದ ಹಟ ಅಲ್ಲ. ಜೇಷ್ಠಮಧುವನ್ನೇ ನೋಡಿ. ಅದರ ಬೇರಿನ ಗ್ಲಿಸಿರೈಜಿನ್‌ನಿಂದ ತಯಾರಿಸಿದ ಕಾರ್ಬೆನಾಕ್ಸಲೋನ್ ಎಂಬ ಔಷಧಿಯನ್ನು 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಜಠರದ ಹುಣ್ಣಿಗೆ ಕೊಡುತ್ತಿದ್ದರು. ಹುಣ್ಣು ಮಾಯುತ್ತಿತ್ತು. ಜೊತೆಗೆ ಕೆಲವರಿಗೆ ಬಿಪಿ ಏರುತ್ತಿತ್ತು, ಮೈಯಲ್ಲಿ ನೀರು ನಿಲ್ಲುತ್ತಿತ್ತು, ಪೊಟ್ಯಾಸಿಯಂ ಇಳಿಯುತ್ತಿತ್ತು. ಹಾಗಾಗಿ ಗ್ಲಿಸಿರೈಜಿನ್ ತೆಗೆದುಹಾಕಿದ ಎಕ್ಸ್‌ಟ್ರ್ಯಾಕ್ಟೂ ಮಾರಾಟಕ್ಕೆ ಬಂತು. ಗ್ಲಿಸಿರೈಜಿನ್ ಇರುವುದು, ತೆಗೆದದ್ದು ಎರಡನ್ನೂ ‘ಜೇಷ್ಠಮಧು ಸಾರ’ ಅಂತ ಬರೆದರೆ ಬಿಪಿ ಇರುವವರ ಗತಿ ಏನು?

ಇನ್ನೊಂದು ತೊಡಕು ‘ಆ್ಯಂಟಿ-ಅಲ್ಸರ್’. ಮೇಲೆ ‘ಮಾಯುತ್ತಿತ್ತು’ ಅಂದೆ. ಗಾಯ, ಹುಣ್ಣುಗಳಿಗೆ ಅಂತಲೇ ಇರುವ ಈ ಪದ ನನಗೆ ‘ಗುಣವಾಗು’ಗಿಂತ ಇಷ್ಟ. ಆದರೆ ಇಲಿಗಳ ಮೇಲಿನ ಅನೇಕ ಪ್ರಯೋಗಗಳಲ್ಲಿ ಔಷಧಿಯನ್ನು ಮೊದಲು ಕೊಟ್ಟು, ಆಮೇಲೆ ಆಸ್ಪಿರಿನ್ ಅಥವಾ ಆಲ್ಕೋಹಾಲ್ ಕೊಟ್ಟು ಹುಣ್ಣು ಎಬ್ಬಿಸುತ್ತಾರೆ. ಅದು ಹುಣ್ಣು ಏಳದಂತೆ ತಡೆದದ್ದು, ಮಾಯಿಸಿದ್ದಲ್ಲ. ‘ಹುಣ್ಣುನಾಶಕ’ ಅಂತ ಬರೆದರೆ ಎರಡೂ ಕಲಸಿಹೋಗುತ್ತವೆ. ಹೊಟ್ಟೆಹುಣ್ಣಿಗೆ ಕಾರಣವಾಗುವ ಬ್ಯಾಕ್ಟೀರಿಯಾ ಹೆಲಿಕೋಬ್ಯಾಕ್ಟರ್ ಪೈಲೋರಿ ವಿಷಯದಲ್ಲೂ ಇದೇ ಕಥೆ. ಗಾಜಿನ ತಟ್ಟೆಯಲ್ಲಿ ಅದರ ಬೆಳವಣಿಗೆ ತಗ್ಗಿದ್ದನ್ನು ‘ನಿರ್ಮೂಲನೆ’ ಅನ್ನಲಾಗದು. ರೋಗಿಯ ಹೊಟ್ಟೆಯಿಂದ ಅದನ್ನು ತೊಲಗಿಸಲು ಆ್ಯಂಟಿಬಯಾಟಿಕ್ ಬೇಕು.

ಸದ್ಯಕ್ಕೆ ನೀರಲ್ಲಿ ಕುದಿಸಿದ್ದಕ್ಕಷ್ಟೇ ‘ಕಷಾಯ’ ಇಟ್ಟುಕೊಂಡಿದ್ದೇನೆ. ಉಳಿದ ಕಡೆ ‘ಎಥನಾಲ್‌ನಲ್ಲಿ ತೆಗೆದ ಸಾರ’ ಅಂತ ಉದ್ದಕ್ಕೇ ಬರೆಯುತ್ತಿದ್ದೇನೆ. ಸಂಪಾದಕರಿಗೆ ಒಂದೇ ಪದ ಬೇಕಂತೆ. ಕಪ್ಪತಗುಡ್ಡದ ಸುತ್ತ ನಾಟಿ ಔಷಧಿ ಕೊಡುವವರ ಮಾತು ಬಲ್ಲ ಗದಗಿನವರು ಇಲ್ಲಿದ್ದೀರಿ. ಬೇರು, ತೊಗಟೆ ನೆನೆಹಾಕಿ ಅದರ ಕಸುವು ತೆಗೆಯುವುದಕ್ಕೆ ಅವರು ಏನನ್ನುತ್ತಾರೆ?