ಪ್ರಶ್ನೋತ್ತರ: ಅಮ್ಮನ ವರ್ಷದ ತಿಥಿಗೆ ಊರಲ್ಲಿ ಸ್ತನ ಕ್ಯಾನ್ಸರ್ ಶಿಬಿರ

ಮಲ್ನಾಡ್ ಹುಡುಗಿ: ಮೇಡಂ, ಅಮ್ಮನಿಗೆ 41ರಲ್ಲಿ ಸ್ತನ ಕ್ಯಾನ್ಸರ್, ಟ್ರಿಪಲ್ ನೆಗೆಟಿವ್ (ಎರಡು ಹಾರ್ಮೋನ್ ಗ್ರಾಹಿ, ಹರ್2, ಮೂರೂ ಇಲ್ಲದ ಬಗೆ). 43ಕ್ಕೆ ತೀರಿಕೊಂಡರು. ವರ್ಷದ ತಿಥಿಗೆ ಊರಲ್ಲಿ ಜಾಗೃತಿ ಶಿಬಿರ ಮಾಡ್ಬೇಕು ಅಂತಿದೀವಿ. ಮ್ಯಾಮೋಗ್ರಾಂ ಬಸ್ ತರಿಸಬೇಕಾ, ಕರಪತ್ರ ಸಾಕಾ? ನನಗೆ 27. ಚಿಕ್ಕಮ್ಮನಿಗೆ ಅಂಡಾಶಯದ ಕ್ಯಾನ್ಸರ್, ಚಿಕಿತ್ಸೆ ನಡೀತಿದೆ.

ಕಾಫಿಪುಡಿ: ಕಪ್ಪು ಬ್ರಾ ಹಾಕಿದ್ರೆ ಬರತ್ತಂತೆ, ನಿಜವಾ?

ಡಾಕ್ಟರ್: ಇಲ್ಲ.

ಹೊಸಪೇಟೆ 52: ಮನೆಯವರಿಗೆ ಎರಡೂ ಕಡೆ ನೋವು, ಗಂಟಿಲ್ಲ. ಏನು ಮಾಡಿಸಬೇಕು?

ಡಾಕ್ಟರ್: @ಮಲ್ನಾಡ್ ಹುಡುಗಿ, ಶಿಬಿರ ಆಮೇಲೆ. ಕೊನೆಯ ಸಾಲಲ್ಲಿ ಬರೆದಿದ್ದೀರಲ್ಲ, ಅದೇ ಮುಖ್ಯ. ಅಕ್ಕನಿಗೆ ಆ ವಯಸ್ಸಿಗೆ ಟ್ರಿಪಲ್ ನೆಗೆಟಿವ್, ತಂಗಿಗೆ ಅಂಡಾಶಯ. ಬಿಆರ್‌ಸಿಎ1 ಎಂಬ, ಕ್ಯಾನ್ಸರ್ ತಡೆಯುವ ಜೀನಿನಲ್ಲಿ ವಂಶದಲ್ಲಿ ಇಳಿದುಬರುವ ದೋಷ ಇರಬಹುದೆಂಬ ಅನುಮಾನ ಬಲವಾಗಿದೆ. ಮೊದಲು ರಕ್ತ ಕೊಡಬೇಕಾದವರು ನೀವಲ್ಲ, ಚಿಕ್ಕಮ್ಮ. ಕಾಯಿಲೆ ಇದ್ದವರಲ್ಲಿ ದೋಷ ಎಲ್ಲಿದೆ ಅಂತ ಸಿಕ್ಕರೆ ಮನೆಯ ಉಳಿದವರಿಗೆ ಆ ಒಂದೇ ಜಾಗ ನೋಡಿದರಾಯಿತು. ನಿಮ್ಮದನ್ನೇ ಮೊದಲು ಮಾಡಿಸಿ ನೆಗೆಟಿವ್ ಬಂತು ಅನ್ನಿ: ದೋಷ ನಿಮಗೆ ಇಳಿದಿಲ್ಲವೋ, ಮನೆತನದ ದೋಷವೇ ಈ ಪರೀಕ್ಷೆಗೆ ಸಿಗದಂಥದ್ದೋ, ಹೇಳಲಾಗದು. ದುಡ್ಡು ದಂಡ, ಸುಳ್ಳು ಸಮಾಧಾನ.

ಲ್ಯಾಬಲ್ಲಿ ಕೇಳಬೇಕಾದ್ದು: ಜೀನ್ ಪ್ಯಾನೆಲ್ (ಹಲವು ಜೀನ್ ಒಟ್ಟಿಗೆ ನೋಡುವ ಪರೀಕ್ಷೆ) ಜೊತೆ ಎಂಎಲ್‌ಪಿಎ ಮಾಡ್ತೀರಾ? ಜೀನಿನ ದೊಡ್ಡ ತುಂಡೇ ಉದುರಿಹೋಗಿದ್ದರೆ ಮಾಮೂಲಿ ಪರೀಕ್ಷೆಗೆ ತಪ್ಪಿಹೋಗಬಹುದು, ಇದು ಹಿಡಿಯುತ್ತದೆ. ರಿಪೋರ್ಟಲ್ಲಿ ‘ವಿಯುಎಸ್’ ಅಂತ ಬಂದರೆ, ಅದು ಅರ್ಥ ಇನ್ನೂ ತಿಳಿಯದ ಬದಲಾವಣೆ. ಅದನ್ನು ನೆಚ್ಚಿ ಯಾರೂ ಸ್ತನವನ್ನಾಗಲಿ ಅಂಡಾಶಯವನ್ನಾಗಲಿ ತೆಗೆಸಬಾರದು. ದೋಷ ಸಿಕ್ಕರೆ ಚಿಕ್ಕಮ್ಮನಿಗೂ ಉಪಯೋಗ, ಒಲಾಪರಿಬ್‌ನಂಥ ಮಾತ್ರೆ ಅವರಿಗೆ ಹೊಂದಬಹುದು.

ಚಿಕ್ಕಮ್ಮ ಒಪ್ಪದಿದ್ದರೆ ಅಮ್ಮನ ಗಡ್ಡೆಯ ತುಂಡನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕ್ ಆಸ್ಪತ್ರೆಯ ಪೆಥಾಲಜಿಯಲ್ಲಿ ಇದ್ದೀತು. ಆದರೆ ಅಲ್ಲಿ ಸಿಕ್ಕ ದೋಷ ಗಡ್ಡೆಯಲ್ಲೇ ಹುಟ್ಟಿದ್ದೂ ಆಗಿರಬಹುದು, ನಿಮ್ಮ ರಕ್ತದಲ್ಲಿ ಮತ್ತೆ ನೋಡಬೇಕು. ನಿಮಗೂ ದೋಷ ಬಂದಿದ್ದರೆ ಈಗಿನಿಂದಲೇ ವರ್ಷಕ್ಕೊಮ್ಮೆ ಸ್ತನದ ಎಂಆರ್‌ಐ, 30ರಿಂದ ಮ್ಯಾಮೋಗ್ರಾಂ ಕೂಡ. ಅಂಡಾಶಯಕ್ಕೆ ನಂಬುವಂಥ ತಪಾಸಣೆಯೇ ಇಲ್ಲ, ಅದಕ್ಕೇ ಮಕ್ಕಳಾದ ಮೇಲೆ 35ರಿಂದ 40ರೊಳಗೆ ತೆಗೆಸಿ ಅನ್ನುತ್ತೇವೆ.

ತುಮಕೂರು ರಾಯರು: ಮದುವೆಗೆ ಮುಂಚೆ ಈ ಟೆಸ್ಟೆಲ್ಲ ಬೇಡಮ್ಮ. ಗಂಡಿನ ಕಡೆಯವರ ಕಿವಿಗೆ ಬಿದ್ರೆ ಸಂಬಂಧ ಕೂಡಿಬರಲ್ಲ.

ಬಿಳಿಜೋಳ: ರಾಯರೇ, ನೀವು ಮುಚ್ಚಿಟ್ರೆ ಜೀನ್ ಸುಮ್ನಿರತ್ತಾ? ಗಂಡಸರಿಂದಲೂ ಬರತ್ತೆ ಇದು.

ತುಮಕೂರು ರಾಯರು: ನಮ್ಮ ವಂಶದಲ್ಲಿ ಇಲ್ಲ.

ಬಿಳಿಜೋಳ: ಅಂದ್ರೆ ನಿಮ್ಮ ವಂಶದಲ್ಲಿ ಯಾರೂ ಬಾಯಿ ಬಿಟ್ಟಿಲ್ಲ.

ತುಮಕೂರು ರಾಯರು: ದೊಡ್ಡವರ ಹತ್ರ ಮಾತಾಡೋದು ಕಲೀರಿ ಮೊದ್ಲು.

ಡಾಕ್ಟರ್: ಇಬ್ಬರೂ ಸಾಕು. ತಂದೆಯಿಂದಲೂ ಬರುತ್ತದೆ, ಅರ್ಧಕ್ಕರ್ಧ ಸಾಧ್ಯತೆ, ಮಗನಿಗೂ ಮಗಳಿಗೂ. ಸೋದರಮಾವನಿಗೆ ಕೊಡುವ ಮಾತಿದ್ದರಂತೂ ಮುಚ್ಚಿಡಲೇಬಾರದು. ಇದರಂಥದೇ ಇನ್ನೊಂದು ಜೀನಾದ ಬಿಆರ್‌ಸಿಎ2 ದೋಷ ಎರಡೂ ಕಡೆಯಿಂದ ಬಂದ ಮಗುವಿಗೆ ಫ್ಯಾಂಕೋನಿ ಅನೀಮಿಯ ಎಂಬ ತೀವ್ರ ರಕ್ತದ ಕಾಯಿಲೆ ಆಗಬಹುದು.

ಶುಭೋದಯ: ಲಕ್ಷ್ಮಣಫಲದ ಎಲೆ ಕಷಾಯ 48 ದಿನ ಕುಡಿದರೆ ಗಂಟು ಕರಗುತ್ತದೆ. ಎಲ್ಲರಿಗೂ ಕಳಿಸಿ 🙏

ಡಾಕ್ಟರ್: ಈ ಮೆಸೇಜು ಇಲ್ಲಿ ಮೂರನೇ ಸಲ. ಆ ಎಲೆ, ಬೀಜದಲ್ಲಿ ಅನೊನಾಸಿನ್ ಇದೆ, ನರಗಳಿಗೆ ವಿಷ. ಅದಕ್ಕಿಂತ ದೊಡ್ಡ ಕೇಡು ಆ 48 ದಿನ. ಗಂಟು ಒಡೆದು ಹುಣ್ಣಾದ ಮೇಲೆ ಕರಕೊಂಡು ಬರುತ್ತೀರಿ. ಅಳಿಸಿ.

ಕಾಫಿಪುಡಿ: ಸೂಜಿ ಚುಚ್ಚಿದ್ರೆ ಹರಡತ್ತಂತಲ್ಲ?

ಡಾಕ್ಟರ್: ಹರಡಲ್ಲ. ಕೋರ್ ಬಯಾಪ್ಸಿ (ಸೂಜಿಯಿಂದ ಗಂಟಿನ ಚೂರು ತೆಗೆದು ಪರೀಕ್ಷಿಸುವುದು) ಮಾಡಿಸದೆ ಗಂಟು ಕತ್ತರಿಸಿ ತೆಗೆಸುವುದೇ ತಪ್ಪು.

ಹೊಸಪೇಟೆ 52: ಮೇಡಂ, ನನ್ನ ಪ್ರಶ್ನೆ ಮೇಲೆ ಇದೆ.

ಮಲ್ನಾಡ್ ಹುಡುಗಿ: ಚಿಕ್ಕಮ್ಮನ ಹತ್ರ ಮಾತಾಡ್ತೀನಿ ಮೇಡಂ. ಶಿಬಿರ?

ಡಾಕ್ಟರ್: ಬಸ್ ಬೇಡ. ವಯಸ್ಸು ಚಿಕ್ಕದಿದ್ದಷ್ಟೂ ಸ್ತನ ದಟ್ಟ, ಚಿತ್ರದಲ್ಲಿ ಎಲ್ಲ ಬೆಳ್ಳಗೆ, ಗಂಟು ಅದರಲ್ಲೇ ಅಡಗುತ್ತದೆ. 30 ದಾಟಿದವರಿಗೆ ಕೈಯಿಂದ ಪರೀಕ್ಷಿಸುವುದು ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಪಿಎಚ್‌ಸಿ ವೈದ್ಯಾಧಿಕಾರಿಗೆ ಹೇಳಿ ತರಬೇತಾದ ನರ್ಸನ್ನು ಕರೆಸಿ, ಮನೆಮನೆಗೆ ಹೇಳಲು ಆಶಾ. ಶಾಲೆಯ ಕೊಠಡಿ, ಒಳಗಿಂದ ಚಿಲಕ, ಪರದೆ, ಮಲಗಲು ಬೆಂಚು. ಒಬ್ಬರಿಗೆ ಹತ್ತು ನಿಮಿಷ ಹಿಡಿದರೆ ಬೆಳಗಿನ ಮೂರು ಗಂಟೆಯಲ್ಲಿ 18 ಜನ. 200 ಜನ ಸೇರಿಸಿ ಫೋಟೋ ತೆಗೆಸಿದರೆ ಅದು ಜಾತ್ರೆ.

ಗಂಟು ಸಿಕ್ಕವರನ್ನು ಸ್ಕ್ಯಾನಿಗೆ ಯಾವ ದಿನ, ಎಲ್ಲಿಗೆ, ಯಾರು ಕರೆದೊಯ್ಯುತ್ತಾರೆ? ಇದು ಕಾಗದದ ಮೇಲೆ ಬಂದ ಮೇಲಷ್ಟೇ ಶಿಬಿರದ ದಿನ ಇಡಿ. ಕರಪತ್ರದಲ್ಲಿ ದಪ್ಪಕ್ಷರ ಒಂದಕ್ಕೇ: ನೋವಿಲ್ಲದ ಗಂಟನ್ನೂ ತೋರಿಸಿ. ಕೆಳಗೆ: ಕಂಕುಳ ಗಂಟು, ಒಂದೇ ಕಡೆಯ ತೊಟ್ಟಿಂದ ರಕ್ತ ಒಸರುವುದು, ಹೊಸದಾಗಿ ಒಳಸೇರಿದ ತೊಟ್ಟು, ಕಿತ್ತಳೆ ಸಿಪ್ಪೆಯಂಥ ಚರ್ಮ. ಬಿಪಿಎಲ್ ಕಾರ್ಡಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಅದನ್ನೂ ಹಾಕಿ.

ಶುಭೋದಯ: ಪ್ರಕೃತಿಯಲ್ಲಿ ಎಲ್ಲಕ್ಕೂ ಮದ್ದಿದೆ. ಡಾಕ್ಟರುಗಳಿಗೆ ಇದು ಸೇರಲ್ಲ.

ಡಾಕ್ಟರ್: ಅಡ್ಮಿನ್, ಇವರನ್ನು ನೋಡಿಕೊಳ್ಳಿ.

ಮಲ್ನಾಡ್ ಹುಡುಗಿ: ಚಿಕ್ಕಮ್ಮ ಒಪ್ಪಿದ್ರು. ಅಮ್ಮನ ಬ್ಲಾಕನ್ನೂ ತೆಗೆದಿಡಿಸ್ಲಾ? ಏನಂತ ಕೇಳ್ಬೇಕು?

ಡಾಕ್ಟರ್: ಹಿಸ್ಟೊಪೆಥಾಲಜಿ ರಿಪೋರ್ಟಿನ ಮೇಲ್ಗಡೆ ಲ್ಯಾಬ್ ನಂಬರ್ ಇರುತ್ತದೆ, ಅದನ್ನು ಹೇಳಿ ಗಡ್ಡೆ ಇರುವ ಬ್ಲಾಕ್ ಕೇಳಿ. ಗಾಜಿನ ಸ್ಲೈಡ್ ಕೊಟ್ಟು ಕಳಿಸಿದರೆ ಸಾಲದು. ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ ಜೊತೆಗಿರಲಿ. ಬೇಗ ಹೋಗಿ, ವರ್ಷಗಳಾದ ಮೇಲೆ ಬ್ಲಾಕ್ ಬಿಸಾಡುವ ಆಸ್ಪತ್ರೆಗಳಿವೆ.

ಹೊಸಪೇಟೆ 52: ಮೇಡಂ?