ಸಹಾಯ ಬೇಕು: ಪದವೀಧರರ ಕ್ಷೇತ್ರದ ಪಟ್ಟಿ, ಪದವಿ ಪತ್ರದಲ್ಲಿ ತವರಿನ ಹೆಸರು

ಗುಂಪಿನ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನಮ್ಮ ಅತ್ತಿಗೆ ರಾಣೆಬೆನ್ನೂರಿನಲ್ಲಿದ್ದಾರೆ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಜಿಲ್ಲೆಗಳು ಸೇರಿದ ಪಶ್ಚಿಮ ಪದವೀಧರರ ಕ್ಷೇತ್ರದ ಮತದಾರರ ಪಟ್ಟಿಗೆ ಅವರ ಹೆಸರು ಸೇರಿಸಬೇಕಾಗಿದೆ.

ಮತದಾರರ ಗುರುತಿನ ಚೀಟಿ ಇದೆಯಲ್ಲ, ಮತ್ತೇಕೆ ಇದು ಎಂದು ಮನೆಯಲ್ಲಿ ಎಲ್ಲರೂ ಕೇಳುತ್ತಾರೆ. ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ 7 ಮಂದಿಯನ್ನು ಪದವೀಧರರೇ ಆರಿಸುತ್ತಾರೆ. ಅದಕ್ಕೆ ಪಟ್ಟಿಯೇ ಬೇರೆ, ಅದೂ ಪ್ರತಿ ಚುನಾವಣೆಗೆ ಹೊಸದಾಗಿ ತಯಾರಾಗುತ್ತದೆ. ಹಿಂದಿನ ಸಲ ಇದ್ದ ಹೆಸರು ತಾನಾಗಿ ಮುಂದುವರಿಯುವುದಿಲ್ಲ. ಓದಿದವರನ್ನೇ ಸುಸ್ತು ಮಾಡುವ ಏರ್ಪಾಡು ಎನಿಸುತ್ತದೆ, ಇರಲಿ.

ಹೆಸರು ಸೇರಿಸುವ ಅರ್ಜಿ, ಅಂದರೆ ನಮೂನೆ 18, ಭರ್ತಿಯಾಗಿದೆ. ಅರ್ಹತಾ ದಿನಾಂಕವಾದ ನವೆಂಬರ್ 1ಕ್ಕೆ ಪದವಿ ಮುಗಿದು ಮೂರು ವರ್ಷವಾಗಿರಬೇಕು. ಅವರದು ಎಂದೋ ಮುಗಿದಿದೆ. ಓದಿದ್ದು ದಾವಣಗೆರೆಯಲ್ಲಿ, ಅದಕ್ಕೆ ಅಡ್ಡಿಯಿಲ್ಲ. ವಾಸ ಈ ಕ್ಷೇತ್ರದಲ್ಲಿದ್ದರೆ ಸಾಕು.

ತೊಡಕಿರುವುದು ಹೆಸರಿನಲ್ಲಿ. ಪದವಿ ಪತ್ರದಲ್ಲಿ ತವರಿನ ಅಡ್ಡಹೆಸರು, ಆಧಾರ್ ಮತ್ತು ಗುರುತಿನ ಚೀಟಿಯಲ್ಲಿ ಗಂಡನ ಮನೆಯ ಅಡ್ಡಹೆಸರು. ಕಚೇರಿಯಲ್ಲಿ ಒಬ್ಬರು ವಿವಾಹ ನೋಂದಣಿ ಪತ್ರ ಸಾಕು ಎಂದರು, ಪಕ್ಕದ ಮೇಜಿನವರು ನೋಟರಿಯ ಪ್ರಮಾಣಪತ್ರ (ಅಫಿಡವಿಟ್) ಬೇಕೇ ಬೇಕು ಎಂದರು. ಇಬ್ಬರೂ ಬರವಣಿಗೆಯಲ್ಲಿ ಕೊಡಲಿಲ್ಲ.

ಮದುವೆಯ ನಂತರ ಹೆಸರು ಬದಲಾದ ಅಕ್ಕತಂಗಿಯರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ನೀವು ಯಾವ ದಾಖಲೆ ಲಗತ್ತಿಸಿದಿರಿ? ಪದವಿ ಪತ್ರದ ನಕಲನ್ನು ಯಾರಿಂದ ದೃಢೀಕರಿಸಿಕೊಂಡಿರಿ? ಅರ್ಜಿ ಕೊಟ್ಟಾಗ ಸ್ವೀಕೃತಿ ಸಿಕ್ಕಿತೇ? ಕೇಳಿದ ಮಾತಿಗಿಂತ ಸ್ವತಃ ಮಾಡಿಸಿದವರ ಅನುಭವ ಬೇಕು. ಹಾವೇರಿ ಜಿಲ್ಲೆಯವರಾದರೆ ಇನ್ನೂ ಅನುಕೂಲ.