ಸಹಾಯ ಬೇಕು: ಸೋತಿದ್ದು ಕೈಯೋ, ತಲೆಯೋ?

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮೊನ್ನೆ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ 1 ಲೀಟರ್ ನೀರಿನ ಬಾಟಲಿಯನ್ನು ಕೈ ನೇರ ಚಾಚಿ ಹಿಡಿದ. ಸ್ವಲ್ಪ ಹೊತ್ತಿಗೆ ಕೈ ನಡುಗಿತು. ಆಮೇಲೆ ಭುಜ ಕಿವಿಯ ಕಡೆಗೆ ಏರಿತು, ಮೈ ಒಂದು ಕಡೆ ವಾಲಿತು. ಅವನಿಗೆ ಅದು ಗೊತ್ತೇ ಇಲ್ಲ!

ಸ್ನಾಯುವಿನ ದಣಿದ ಎಳೆಗಳ ಬಲ ಕುಗ್ಗಿದಾಗ ಮೆದುಳು ಜೋರಾಗಿ ಆಜ್ಞೆ ಕೊಟ್ಟು ಬೇರೆ ಎಳೆಗಳನ್ನು ಕೆಲಸಕ್ಕೆ ಕರೆಯುತ್ತದೆ, ಪಕ್ಕದ ಸ್ನಾಯುಗಳಿಂದಲೂ ಕೈಸಾಲ ತೆಗೆಯುತ್ತದೆ ಎಂದು ವಿವರಿಸಿದೆ. ಅದೇ ಬಾಟಲಿ ಬರಬರುತ್ತಾ ಭಾರ ಅನ್ನಿಸುವುದೂ ಅದಕ್ಕೇ. ಇಲ್ಲಿಯವರೆಗೆ ಸರಿ, ಅಲ್ವಾ?

ಸುಧಾರಿಸಿಕೊಂಡು ಮತ್ತೆ ಹಿಡಿದಾಗ ಇಡೀ ಕ್ಲಾಸು ಕೂಗಿ ಹುರಿದುಂಬಿಸಿತು. ಈ ಸಲ ಜಾಸ್ತಿ ಹೊತ್ತು ತಡೆದ. "ಹಾಗಾದ್ರೆ ಮೊದಲು ಸೋತಿದ್ದು ಕೈಯಾ, ತಲೆಯಾ ಮಿಸ್?" ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು.

ಇಟಲಿಯ ಶರೀರವಿಜ್ಞಾನಿ ಆಂಜೆಲೊ ಮೊಸ್ಸೊ ದಣಿವಿನ ಬಗ್ಗೆ 1891ರಲ್ಲೇ ಪುಸ್ತಕ ಬರೆದವರು. ಬೆರಳಿನಿಂದ ತೂಕ ಎತ್ತಿಸಿ ಅಳೆಯುತ್ತಿದ್ದರು. ವಿದ್ಯಾರ್ಥಿಗಳ ಪರೀಕ್ಷೆ ಮುಗಿಸಿ ಬಂದ ಮೇಷ್ಟರ ಬೆರಳು ಬೇಗ ಸೋತಿತ್ತಂತೆ. (ಪೇಪರ್ ತಿದ್ದಿದವರಿಗೆ ಇದು ಹೊಸದಲ್ಲ ಬಿಡಿ.)

ನರಕ್ಕೆ ಸಣ್ಣ ಶಾಕ್ ಕೊಟ್ಟು ಸ್ನಾಯುವಿನಲ್ಲಿ ಇನ್ನೂ ಬಲ ಉಳಿದಿದೆಯಾ ಎಂದು ನೋಡುವ ವಿಧಾನ ಗೊತ್ತು. ಮಕ್ಕಳ ಮೇಲೆ ಅದು ಬೇಡ. ಇಲ್ಲಿ ಫಿಸಿಯೋಥೆರಪಿ ಓದಿದವರು ಇದ್ದೀರಾ? ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಇಎಂಜಿ ಯಂತ್ರ (ಸ್ನಾಯುವಿನ ವಿದ್ಯುತ್ ಸಂಕೇತ ಅಳೆಯುವುದು) ಒಂದು ದಿನದ ಮಟ್ಟಿಗೆ ಸಿಗಬಹುದಾ? ಇಲ್ಲವಾದರೆ ಬಾಟಲಿ, ಸ್ಟಾಪ್‌ವಾಚಿನಲ್ಲೇ ಮುಗಿಯುವ ಉಪಾಯ ಇದ್ದರೆ ಹೇಳಿ.